ಒಂದೇ ಗಣಕದಲ್ಲಿ ಎರಡು ಕಾರ್ಯಾಚರಣ ವ್ಯವಸ್ಥೆ: ಲೆಕ್ಕಪುಸ್ತಕದ ದೃಷ್ಟಿಯಿಂದ ಒಂದು ವಿವೇಚನೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಕ್ತಾಯಗೊಂಡಿತು. ಅದರ ಮುಂದಿನ ಆವೃತ್ತಿಯಾದ ವಿಂಡೋಸ್ 11 ತನಗೆ ಬೇಕಾದ ಯಂತ್ರಾಂಶದ ಬಗ್ಗೆ ಬಿಗಿಯಾದ ನಿಯಮಗಳನ್ನು ವಿಧಿಸಿದೆ. ಟಿಪಿಎಂ 2.0 ಎಂಬ ಭದ್ರತಾ ಘಟಕವಿರಬೇಕು. ಇಂಟೆಲ್ ಸಂಸ್ಕಾರಕವಾದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರಿನದೋ ಅನಂತರದ್ದೋ ಆಗಿರಬೇಕು. 2017ಕ್ಕಿಂತ ಹಿಂದೆ ಖರೀದಿಸಿದ ಗಣಕಗಳಲ್ಲಿ ಹೆಚ್ಚಿನವು ಈ ಪರೀಕ್ಷೆಯಲ್ಲಿ ಉತ್ತೀರ್ಣವಾಗುವುದಿಲ್ಲ. ಹೀಗಾಗಿ ಅಂಗಡಿ, ಗೋದಾಮು, ಸಣ್ಣ ಕಾರ್ಖಾನೆಗಳ ಕಚೇರಿಗಳಲ್ಲಿ ಕೆಲಸಕ್ಕೇನೂ ಕೊರತೆಯಿಲ್ಲದ ಗಣಕಗಳು ಭದ್ರತೆಯ ದೃಷ್ಟಿಯಿಂದ ಮಾತ್ರ ಹಳೆಯವಾಗಿ ಉಳಿದಿವೆ.

ಮಾಲೀಕರ ಮುಂದೆ ಇರುವ ಮಾರ್ಗಗಳು ಮೂರು. ಮೊದಲನೆಯದು ಹೊಸ ಗಣಕದ ಖರೀದಿ. ಎರಡನೆಯದು ಹಣ ತೆತ್ತು ವಿಸ್ತೃತ ಭದ್ರತಾ ಸೇವೆಯನ್ನು ಪಡೆಯುವುದು. ವ್ಯಾಪಾರ ಸಂಸ್ಥೆಗಳಿಗೆ ಇದರ ಪ್ರಕಟಿತ ದರ ಪ್ರತಿ ಗಣಕಕ್ಕೆ ಮೊದಲ ವರ್ಷ 61 ಡಾಲರ್; ಎರಡನೆಯ ವರ್ಷ ಅದರ ಇಮ್ಮಡಿ, ಮೂರನೆಯ ವರ್ಷ ಮತ್ತೆ ಇಮ್ಮಡಿ. ಮೂರು ವರ್ಷಗಳ ಒಟ್ಟು 427 ಡಾಲರ್ ಆಗುತ್ತದೆ. ತಡವಾಗಿ ಸೇರುವವರು ಹಿಂದಿನ ವರ್ಷದ ಶುಲ್ಕವನ್ನೂ ತೆರಬೇಕು. ಹಳೆಯ ಗಣಕದ ಮಾರಾಟ ಬೆಲೆಯೊಡನೆ ಹೋಲಿಸಿದರೆ ಇದು ಕುದುರೆಗಿಂತ ಲಾಳವೇ ದುಬಾರಿಯಾದ ಲೆಕ್ಕ. ಮೂರನೆಯ ಮಾರ್ಗವೆಂದರೆ ಅದೇ ಗಣಕದಲ್ಲಿ ವಿಂಡೋಸ್ ಜೊತೆಗೆ ಉಚಿತವಾಗಿ ದೊರೆಯುವ ಲಿನಕ್ಸ್ ವ್ಯವಸ್ಥೆಯನ್ನೂ ಅಳವಡಿಸಿ, ಕೆಲಸಕ್ಕೆ ತಕ್ಕಂತೆ ಒಂದೊಂದನ್ನು ಬಳಸುವುದು. ಇದನ್ನು ವಾಡಿಕೆಯಲ್ಲಿ ಡ್ಯುಯಲ್ ಬೂಟ್ ಎನ್ನುತ್ತಾರೆ.

ಈ ಮೂರನೆಯ ಮಾರ್ಗದ ತಾಂತ್ರಿಕ ವಿಧಾನ ಹತ್ತಾರು ಕಡೆ ದೊರೆಯುತ್ತದೆ. ಗಣಕ ರಿಪೇರಿಯ ಯುವಕರು ಒಂದೆರಡು ತಾಸಿನಲ್ಲಿ ಅದನ್ನು ಮಾಡಿಕೊಟ್ಟೂ ಹೋಗುತ್ತಾರೆ. ಆದರೆ ಲೆಕ್ಕಪತ್ರವಿರುವ ಗಣಕಕ್ಕೂ ಮನೆಯ ಮಕ್ಕಳು ಬಳಸುವ ಗಣಕಕ್ಕೂ ವ್ಯತ್ಯಾಸವಿದೆ. ಕಂಪನಿಗಳ ಕಾಯಿದೆ 2013ರ 128ನೆಯ ಪ್ರಕರಣದಂತೆ ಕಂಪನಿಯು ಎಂಟು ಹಣಕಾಸು ವರ್ಷಗಳ ಲೆಕ್ಕಪುಸ್ತಕಗಳನ್ನು ಕಾಪಾಡಿಕೊಂಡು ಬರಬೇಕು. ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 36ನೆಯ ಪ್ರಕರಣದಂತೆ ನೋಂದಾಯಿತ ವರ್ತಕರು ಆಯಾ ವರ್ಷದ ವಾರ್ಷಿಕ ವಿವರಪಟ್ಟಿಯ ಗಡುವಿನಿಂದ 72 ತಿಂಗಳು ದಾಖಲೆಗಳನ್ನು ಇಟ್ಟುಕೊಂಡಿರಬೇಕು. ಡಿಸ್ಕ್ ವಿಭಾಗಿಸುವಾಗ ಅಳಿದುಹೋದ ಕಡತವು ಈ ಹೊಣೆಯಿಂದ ವಿನಾಯಿತಿ ಕೊಡಿಸುವುದಿಲ್ಲ. ಆದ್ದರಿಂದ ಯಾವ ವ್ಯವಸ್ಥೆ ಚೆಂದ ಎನ್ನುವುದಕ್ಕಿಂತ, ಲೆಕ್ಕಪುಸ್ತಕವು ಯಾವ ವ್ಯವಸ್ಥೆಯ ವಶದಲ್ಲಿರುತ್ತದೆ, ಇನ್ನೊಂದು ವ್ಯವಸ್ಥೆಯಿಂದ ಅದಕ್ಕೆ ಯಾವ ಅಪಾಯ ಬರಬಹುದು ಎಂಬುದೇ ಮುಖ್ಯ ಪ್ರಶ್ನೆಯಾಗುತ್ತದೆ.

ಗಣಕವು ಎಚ್ಚರಗೊಳ್ಳುವ ಬಗೆ

ವಿದ್ಯುತ್ ಗುಂಡಿಯನ್ನು ಒತ್ತಿದಾಗ ವಿಂಡೋಸ್ ನೇರವಾಗಿ ಪ್ರಾರಂಭವಾಗುತ್ತದೆಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಮೊದಲು ಏಳುವುದು ಮದರ್‌ಬೋರ್ಡಿನಲ್ಲೇ ಅಡಕವಾಗಿರುವ ಒಂದು ಸಣ್ಣ ತಂತ್ರಾಂಶ. ಹಳೆಯ ಗಣಕಗಳಲ್ಲಿ ಇದು ಬಯೋಸ್, ಈಚಿನವುಗಳಲ್ಲಿ ಯುಇಎಫ್‌ಐ. ಹಳೆಯ ಪದ್ಧತಿಯಲ್ಲಿ ಅದು ಹಾರ್ಡ್ ಡಿಸ್ಕಿನ ಮೊಟ್ಟಮೊದಲ 512 ಬೈಟುಗಳನ್ನು ಓದಿ, ಅಲ್ಲಿರುವ ಸೂಚನೆಯಂತೆ ಮುಂದುವರಿಯುತ್ತಿತ್ತು. ಆ ಪುಟ್ಟ ಜಾಗ ಒಂದೇ ಆದ್ದರಿಂದ ಕೊನೆಗೆ ಬಂದ ವ್ಯವಸ್ಥೆಯು ಮೊದಲಿನದರ ಬರವಣಿಗೆಯ ಮೇಲೆ ತನ್ನದನ್ನು ಬರೆದುಬಿಡುತ್ತಿತ್ತು. ವಿಂಡೋಸನ್ನು ಮೊದಲು ಹಾಕಿ ಲಿನಕ್ಸನ್ನು ಅನಂತರ ಹಾಕಬೇಕೆಂಬ ನಿಯಮ ಬಂದದ್ದು ಈ ಕಾರಣದಿಂದ. ಲಿನಕ್ಸಿನ ಗ್ರಬ್ ಎಂಬ ಪ್ರಾರಂಭಕ ತಂತ್ರಾಂಶವು ವಿಂಡೋಸನ್ನೂ ಗುರುತಿಸಿ ತನ್ನ ಪಟ್ಟಿಯಲ್ಲಿ ತೋರಿಸುತ್ತದೆ, ವಿಂಡೋಸಿಗೆ ಆ ಸೌಜನ್ಯವಿಲ್ಲ.

ಯುಇಎಫ್‌ಐ ಪದ್ಧತಿಯಲ್ಲಿ ಪ್ರಾರಂಭಕ ತಂತ್ರಾಂಶಗಳಿಗಾಗಿಯೇ ಡಿಸ್ಕಿನಲ್ಲಿ ಒಂದು ಪ್ರತ್ಯೇಕ ವಿಭಾಗವಿರುತ್ತದೆ. ಅಲ್ಲಿ ವಿಂಡೋಸಿಗೊಂದು, ಲಿನಕ್ಸಿಗೊಂದು ಫೋಲ್ಡರ್ ಅಕ್ಕಪಕ್ಕದಲ್ಲಿ ಇರಬಲ್ಲವು. ಒಂದೇ ಕಟ್ಟಡದ ಎರಡು ಮಳಿಗೆಗಳಿಗೆ ಒಂದೇ ಹೆಬ್ಬಾಗಿಲು ಇದ್ದಂತೆ ಎನ್ನಬಹುದು. ಗಣಕ ಹೊತ್ತಿಸಿದೊಡನೆ ಪರದೆಯ ಮೇಲೆ ಪಟ್ಟಿಯೊಂದು ಮೂಡುತ್ತದೆ. ಬೇಕಾದುದನ್ನು ಆರಿಸಿದರೆ ಆ ವ್ಯವಸ್ಥೆ ಮಾತ್ರ ಏಳುತ್ತದೆ, ಮತ್ತೊಂದು ಡಿಸ್ಕಿನಲ್ಲೇ ಮಲಗಿರುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಗಣಕವನ್ನು ಆರಿಸಿ ಮತ್ತೆ ಹೊತ್ತಿಸಲೇಬೇಕು. ಈ ಒಂದು ಸಂಗತಿಯೇ ಈ ಏರ್ಪಾಡು ಯಾರಿಗೆ ಹೊಂದುತ್ತದೆ, ಯಾರಿಗೆ ಹೊಂದುವುದಿಲ್ಲ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ.

ಯಾರಿಗೆ ಉಪಯುಕ್ತ?

ಬೆಂಗಳೂರಿನಲ್ಲಿಯೇ 1986ರಲ್ಲಿ ಹುಟ್ಟಿದ ಸಂಸ್ಥೆಯ ಟ್ಯಾಲಿ ತಂತ್ರಾಂಶವು ವರ್ತಕರ ಕಚೇರಿಗಳಲ್ಲಿ ಮನೆಮಾತಾಗಿದೆ. ಅದು ವಿಂಡೋಸಿಗಾಗಿ ರಚಿತವಾದದ್ದು. ಲಿನಕ್ಸಿನಲ್ಲಿ ಅದನ್ನು ಬಳಸಾಡುವ ಕಸರತ್ತುಗಳು ಇಲ್ಲದಿಲ್ಲ, ಆದರೆ ತಯಾರಕರ ಬೆಂಬಲವಿಲ್ಲದ ವಿಧಾನದಲ್ಲಿ ಲೆಕ್ಕ ಬರೆಯುವುದು ಜಾಣತನವಲ್ಲ. ಆದ್ದರಿಂದ ಲೆಕ್ಕಪತ್ರವೆಲ್ಲ ವಿಂಡೋಸ್ ಕಡೆಗೇ ಇರಬೇಕಾಗುತ್ತದೆ. ಬೆಂಬಲ ಮುಗಿದ ವಿಂಡೋಸ್ 10ರಲ್ಲಿ ಮುಖ್ಯ ಅಪಾಯ ಅಂತರ್ಜಾಲದ ಮೂಲಕ, ಇ-ಮೇಲ್ ಲಗತ್ತುಗಳ ಮೂಲಕ ಬರುತ್ತದೆ. ಹಾಗಾದರೆ ವಿಂಡೋಸಿನ ಅಂತರ್ಜಾಲ ಸಂಪರ್ಕವನ್ನು ಕಡಿದು ಅದನ್ನು ಲೆಕ್ಕದ ಕೋಣೆಯನ್ನಾಗಿ ಇರಿಸಿ, ಇ-ಮೇಲ್, ಬ್ಯಾಂಕ್, ತೆರಿಗೆ ಜಾಲತಾಣಗಳ ಕೆಲಸವನ್ನು ಸದಾ ಪರಿಷ್ಕೃತವಾಗಿರುವ ಲಿನಕ್ಸಿನಲ್ಲಿ ನಡೆಸಿದರೆ ಹೇಗೆ? ತತ್ತ್ವತಃ ಇದು ಉತ್ತಮ ವಿಭಜನೆ. ಉಬುಂಟು 24.04 ಆವೃತ್ತಿಗೆ 2029ರವರೆಗೆ ಉಚಿತ ಭದ್ರತಾ ಪರಿಷ್ಕರಣೆ ಘೋಷಿತವಾಗಿದೆ. ಲಿನಕ್ಸ್ ಮಿಂಟ್‌ನಂಥವು 4 ಜಿಬಿ ಸ್ಮೃತಿಯ ಹಳೆಯ ಗಣಕದಲ್ಲೂ ತಕ್ಕಮಟ್ಟಿಗೆ ಓಡುತ್ತವೆ.

ಆದರೆ ದಿನಚರಿಯನ್ನು ಗಮನಿಸಬೇಕು. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ವರ್ತಕರಿಗೆ 2023ರ ಆಗಸ್ಟ್ 1ರಿಂದ ಇ-ಇನ್ವಾಯ್ಸ್ ಕಡ್ಡಾಯವಾಗಿದೆ. ಲೆಕ್ಕದ ತಂತ್ರಾಂಶದಿಂದಲೇ ನೇರವಾಗಿ ನೋಂದಣಿ ಸಂಖ್ಯೆ ಪಡೆಯುವವರಿಗೆ ವಿಂಡೋಸ್ ಬದಿಯಲ್ಲಿ ಅಂತರ್ಜಾಲ ಬೇಕೇ ಬೇಕು. ಅದನ್ನು ಕಡಿದರೆ, ಪ್ರತಿ ಬಿಲ್ಲಿನ ಜೇಸನ್ ಕಡತವನ್ನು ಹೊರತೆಗೆದು, ಗಣಕವನ್ನು ಲಿನಕ್ಸಿಗೆ ಬದಲಿಸಿ, ಜಾಲತಾಣಕ್ಕೆ ಏರಿಸಿ, ಮರಳಿ ಬರಬೇಕು. ದಿನಕ್ಕೆ ನಾಲ್ಕೈದು ಬಿಲ್ಲುಗಳನ್ನು ಸಂಜೆ ಒಟ್ಟಿಗೆ ಏರಿಸುವವರಿಗೆ ಇದು ನಡೆದೀತು. ಲಾರಿ ಬಾಗಿಲಲ್ಲಿ ನಿಂತಿರುವಾಗ ಗಂಟೆಗೆ ಹತ್ತು ಬಿಲ್ಲು ಹರಿಯುವ ಅಂಗಡಿಗೆ ನಡೆಯದು. ಗುಮಾಸ್ತರು ಮೂರನೆಯ ದಿನವೇ ವಿಂಡೋಸಿಗೆ ಅಂತರ್ಜಾಲದ ತಂತಿಯನ್ನು ಜೋಡಿಸಿಬಿಡುತ್ತಾರೆ, ಏರ್ಪಾಡಿನ ಉದ್ದೇಶವೇ ಅಲ್ಲಿಗೆ ಮುಗಿಯುತ್ತದೆ. ಅಂಥವರು ಲೆಕ್ಕಕ್ಕಾಗಿ ವಿಂಡೋಸ್ 11 ಇರುವ ಒಂದು ಹೊಸ ಗಣಕ ಕೊಂಡು, ಹಳೆಯದನ್ನು ಪೂರ್ತಿಯಾಗಿ ಲಿನಕ್ಸಿಗೆ ಒಪ್ಪಿಸುವುದು ಲೇಸು.

ಇನ್ನೊಂದು ವರ್ಗವಿದೆ. ಡಾಸ್ ಕಾಲದಲ್ಲಿ ಫಾಕ್ಸ್‌ಪ್ರೊ ಬಳಸಿ ಬರೆಸಿಕೊಂಡ ಲೆಕ್ಕದ ಕಾರ್ಯಕ್ರಮಗಳು ಕೆಲವು ಹಳೆಯ ಸಂಸ್ಥೆಗಳಲ್ಲಿ ಇನ್ನೂ ಉಳಿದಿವೆ. 32 ಬಿಟ್‌ನ ವಿಂಡೋಸ್ 10ರಲ್ಲಿ ಅವು ಓಡುತ್ತಿದ್ದವು. 64 ಬಿಟ್ ಆವೃತ್ತಿಗಳಲ್ಲಿ ಡಾಸ್ ಕಾರ್ಯಕ್ರಮಗಳಿಗೆ ಎಡೆಯಿಲ್ಲ, ವಿಂಡೋಸ್ 11 ಇರುವುದೇ 64 ಬಿಟ್‌ನಲ್ಲಿ. ವ್ಯಾಜ್ಯ ಅಥವಾ ಹಳೆಯ ತೆರಿಗೆ ನಿರ್ಧಾರಣೆಗಾಗಿ ಆ ಲೆಕ್ಕವನ್ನು ಆಗೊಮ್ಮೆ ಈಗೊಮ್ಮೆ ತೆರೆಯಬೇಕಾದವರು ಡ್ಯುಯಲ್ ಬೂಟಿನ ಬದಲು ಮಿಥ್ಯಾ ಗಣಕ, ಅಂದರೆ ವರ್ಚುವಲ್ ಮಷೀನ್, ಬಳಸುವುದೇ ಒಳ್ಳೆಯದು. ವರ್ಚುವಲ್‌ಬಾಕ್ಸ್‌ನಂಥ ತಂತ್ರಾಂಶದಲ್ಲಿ ಹಳೆಯ ವ್ಯವಸ್ಥೆಯು ಹೊಸ ವ್ಯವಸ್ಥೆಯ ಒಳಗೇ ಒಂದು ಕಿಟಕಿಯಾಗಿ ತೆರೆದುಕೊಳ್ಳುತ್ತದೆ. ಎರಡೂ ಏಕಕಾಲದಲ್ಲಿ ಓಡುತ್ತವೆ. ಡಿಸ್ಕನ್ನು ಕತ್ತರಿಸುವ ಅಪಾಯವೂ ಇಲ್ಲ. ಕನಿಷ್ಠ 8 ಜಿಬಿ ಸ್ಮೃತಿ ಇದ್ದರೆ ಮಾತ್ರ ಇದು ಸುಗಮ. ವಿಂಡೋಸಿನ ಪ್ರತಿಯೊಂದು ಪ್ರತಿಗೂ, ಮಿಥ್ಯಾ ಗಣಕದೊಳಗಿನದ್ದಕ್ಕೂ, ಪ್ರತ್ಯೇಕ ಪರವಾನಗಿ ಬೇಕೆಂಬುದನ್ನು ಮರೆಯಬಾರದು. ಎರಡು ವಿಂಡೋಸ್‌ಗಳನ್ನು ಡ್ಯುಯಲ್ ಬೂಟಿನಲ್ಲಿ ಇರಿಸುವವರಿಗೂ ಇದೇ ಮಾತು ಅನ್ವಯ.

ಕೈಹಾಕುವ ಮುನ್ನ

ಸಮಯದ ಆಯ್ಕೆ ಮೊದಲ ವಿಷಯ. ತಿಂಗಳ 7ರಂದು ಮೂಲದಲ್ಲಿ ಕಡಿತಗೊಳಿಸಿದ ತೆರಿಗೆಯ ಪಾವತಿ, 11ರಂದು ಜಿಎಸ್‌ಟಿಆರ್-1, 20ರಂದು ಜಿಎಸ್‌ಟಿಆರ್-3ಬಿ. ತ್ರೈಮಾಸಿಕ ಪದ್ಧತಿಯಲ್ಲಿರುವ ಕರ್ನಾಟಕದ ವರ್ತಕರಿಗೆ 22. ಆದುದರಿಂದ 23ರಿಂದ ತಿಂಗಳ ಕೊನೆಯೊಳಗಿನ ಒಂದು ವಾರಾಂತ್ಯವೇ ಯೋಗ್ಯ ಕಾಲ. ಮಾರ್ಚ್ ತಿಂಗಳಲ್ಲಂತೂ ಈ ಕೆಲಸ ಸಲ್ಲದು.

ಎರಡನೆಯದು ಪ್ರತಿ ತೆಗೆದುಕೊಳ್ಳುವುದು. ಲೆಕ್ಕದ ತಂತ್ರಾಂಶದ ಬ್ಯಾಕಪ್ ಆಯ್ಕೆಯಿಂದ ಒಂದು, ದತ್ತಾಂಶದ ಫೋಲ್ಡರನ್ನೇ ಯಥಾವತ್ತಾಗಿ ನಕಲಿಸಿ ಇನ್ನೊಂದು, ಹೀಗೆ ಎರಡು ಬಗೆಯ ಪ್ರತಿಗಳನ್ನು ಎರಡು ಬೇರೆ ಬೇರೆ ಸಾಧನಗಳಲ್ಲಿ ತೆಗೆದಿಡಬೇಕು. ತೆಗೆದಿಟ್ಟರೆ ಸಾಲದು, ಒಂದನ್ನು ಬೇರೊಂದು ಗಣಕದಲ್ಲಿ ಮರುಸ್ಥಾಪಿಸಿ, ಹಿಂದಿನ ದಿನದ ಅಂತಿಮ ತಾಳೆಪಟ್ಟಿಯೊಡನೆ ಹೋಲಿಸಿ ನೋಡಬೇಕು. ತೆರೆದು ನೋಡದ ಬ್ಯಾಕಪ್ಪು ನಗದೀಕರಿಸದ ಚೆಕ್ಕಿನಂತೆ: ಕೈಯಲ್ಲಿದೆ, ಹಣ ಮಾತ್ರ ಬಂದಿಲ್ಲ. ವಿಂಡೋಸನ್ನೇ ಹೊಸದಾಗಿ ಹಾಕುವ ಸಂದರ್ಭವಿದ್ದರೆ ಟ್ಯಾಲಿಯ ಪರವಾನಗಿಯನ್ನು ಮೊದಲೇ ಹಿಂದಿರುಗಿಸುವ, ಅಂದರೆ ಸರೆಂಡರ್ ಮಾಡುವ, ಕ್ರಮವನ್ನು ಅನುಸರಿಸತಕ್ಕದ್ದು.

ಮೂರನೆಯದಾಗಿ ಬಿಟ್‌ಲಾಕರ್. ಈಚಿನ ಅನೇಕ ಗಣಕಗಳಲ್ಲಿ ಬಳಕೆದಾರರ ಅರಿವಿಗೆ ಬಾರದಂತೆಯೇ ಡಿಸ್ಕಿನ ಗೂಢಲಿಪೀಕರಣ ಚಾಲ್ತಿಯಲ್ಲಿರುತ್ತದೆ. ಎರಡನೆಯ ವ್ಯವಸ್ಥೆಯನ್ನು ಅಳವಡಿಸುವಾಗ ಪ್ರಾರಂಭದ ಕ್ರಮವೋ ಸೆಕ್ಯೂರ್ ಬೂಟ್ ಸ್ಥಿತಿಯೋ ಬದಲಾದರೆ, ಯಾರೋ ಡಿಸ್ಕನ್ನು ಕದಿಯುತ್ತಿದ್ದಾರೆಂದು ಶಂಕಿಸುವ ವಿಂಡೋಸ್ 48 ಅಂಕಿಗಳ ಮರುಪ್ರಾಪ್ತಿ ಸಂಖ್ಯೆಯನ್ನು ಕೇಳುತ್ತದೆ. ಆ ಸಂಖ್ಯೆ ಇಲ್ಲದೆ ಡಿಸ್ಕಿನಲ್ಲಿರುವ ಒಂದಕ್ಷರವೂ ದೊರೆಯುವುದಿಲ್ಲ. ಸಾಮಾನ್ಯವಾಗಿ ಅದು ಗಣಕವನ್ನು ಮೊದಲು ಸಿದ್ಧಗೊಳಿಸಿದವರ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಂಗ್ರಹವಾಗಿರುತ್ತದೆ. ಇಲ್ಲೊಂದು ಸೂಕ್ಷ್ಮವಿದೆ: ಅನೇಕ ಅಂಗಡಿಗಳಲ್ಲಿ ಗಣಕವನ್ನು ಸಿದ್ಧಗೊಳಿಸಿದಾತ ಮಾಲೀಕನಲ್ಲ, ಮಾರಾಟಗಾರನ ಕಡೆಯಿಂದ ಬಂದ ಹುಡುಗ, ಆತ ತನ್ನದೇ ಖಾತೆಯನ್ನು ಬಳಸಿದ್ದರೆ, ಅಂಗಡಿಯ ಲೆಕ್ಕದ ಕೀಲಿಕೈ ಅವನ ಖಾತೆಯಲ್ಲಿರುತ್ತದೆ. ಡ್ಯುಯಲ್ ಬೂಟ್ ಬೇಕಾಗಲಿ ಬೇಡವಾಗಲಿ, ಈ ಸಂಖ್ಯೆಯನ್ನು ಹುಡುಕಿ ಮುದ್ರಿಸಿ, ಕ್ರಯಪತ್ರಗಳಿರುವ ತಿಜೋರಿಯಲ್ಲಿ ಇಡುವುದು ಪ್ರತಿಯೊಬ್ಬ ಮಾಲೀಕನೂ ಈ ವಾರವೇ ಮಾಡಬೇಕಾದ ಕೆಲಸ.

ಜಾಗದ ಹಂಚಿಕೆ

ಸಾಧ್ಯವಿದ್ದವರಿಗೆ ಅತ್ಯುತ್ತಮ ವಿಧಾನವೆಂದರೆ ಗಣಕಕ್ಕೆ ಎರಡನೆಯ ಡಿಸ್ಕನ್ನೇ ಜೋಡಿಸಿ ಲಿನಕ್ಸನ್ನು ಅದರಲ್ಲಿ ಇಡುವುದು. ಅಳವಡಿಸುವ ಹೊತ್ತಿಗೆ ವಿಂಡೋಸ್ ಡಿಸ್ಕಿನ ತಂತಿಯನ್ನು ಕಳಚಿಟ್ಟರೆ ತಪ್ಪಿ ಅಳಿಸುವ ಭಯವೇ ಇರುವುದಿಲ್ಲ. ಒಂದು ವ್ಯವಸ್ಥೆ ಕೆಟ್ಟರೂ ಮತ್ತೊಂದು ಸ್ವತಂತ್ರವಾಗಿ ಏಳುತ್ತದೆ.

ಒಂದೇ ಡಿಸ್ಕಿನಲ್ಲಿ ಮಾಡುವುದಾದರೆ ಲೆಕ್ಕಾಚಾರ ಬೇಕು. 256 ಜಿಬಿ ಎಂದು ಮಾರಾಟವಾಗುವ ಡಿಸ್ಕು ವಿಂಡೋಸಿನಲ್ಲಿ ಸುಮಾರು 238 ಎಂದು ಕಾಣಿಸುತ್ತದೆ. ಇದರಲ್ಲಿ ಮೋಸವೇನಿಲ್ಲ, ತಯಾರಕರು ಜಿಬಿಯನ್ನು ನೂರು ಕೋಟಿ ಬೈಟು ಎಂದೂ ವಿಂಡೋಸ್ 107 ಕೋಟಿ ಚಿಲ್ಲರೆ ಬೈಟು ಎಂದೂ ಎಣಿಸುವುದರಿಂದ ಬರುವ ವ್ಯತ್ಯಾಸವದು. ಇಂಥ ಡಿಸ್ಕಿನಲ್ಲಿ ವಿಂಡೋಸಿಗೆ 120, ಲಿನಕ್ಸಿಗೆ 40, ಎರಡಕ್ಕೂ ಸಾಮಾನ್ಯವಾದ ವಿನಿಮಯ ವಿಭಾಗಕ್ಕೆ 75 ಎಂದು ಹಂಚಿದರೆ ಪ್ರಾರಂಭಕ ವಿಭಾಗ ಮೊದಲಾದವಕ್ಕೆ ಮೂರು ಉಳಿಯುತ್ತದೆ. ವಿಂಡೋಸ್ ವಿಭಾಗವನ್ನು ಕುಗ್ಗಿಸುವ ಕೆಲಸವನ್ನು ವಿಂಡೋಸಿನ ಡಿಸ್ಕ್ ನಿರ್ವಹಣಾ ಸಾಧನದಿಂದಲೇ ಮಾಡಬೇಕು, ಲಿನಕ್ಸಿನಿಂದಲ್ಲ. ಲಿನಕ್ಸ್ ಅಳವಡಿಸುವಾಗ ಇಡೀ ಡಿಸ್ಕನ್ನು ಅಳಿಸಿ ಸ್ಥಾಪಿಸುವ ಆಯ್ಕೆಯೂ ಪಟ್ಟಿಯಲ್ಲಿ ಇರುತ್ತದೆ; ಅವಸರದಲ್ಲಿ ಅದನ್ನು ಒತ್ತಿದರೆ ಮೇಲೆ ಹೇಳಿದ ಎಂಟು ವರ್ಷ, 72 ತಿಂಗಳುಗಳೆಲ್ಲ ಒಂದು ಗಳಿಗೆಯಲ್ಲಿ ಹೋಗುತ್ತವೆ.

ವಿನಿಮಯ ವಿಭಾಗದಲ್ಲಿ ಇರಬೇಕಾದದ್ದು ಜೇಸನ್ ಕಡತಗಳು, ಬ್ಯಾಂಕ್ ವಿವರಪಟ್ಟಿಗಳು, ಪತ್ರಗಳು ಮತ್ತು ಲೆಕ್ಕದ ಬ್ಯಾಕಪ್ ಪ್ರತಿ. ಮೂಲ ಲೆಕ್ಕಪುಸ್ತಕ ಅಲ್ಲಿ ಇರಕೂಡದು. ಬ್ಯಾಕಪ್ಪಿನ ಒಂದು ಪ್ರತಿ ಅಲ್ಲಿರುವುದರಿಂದ ಒಂದು ಲಾಭವುಂಟು: ವಿಂಡೋಸ್ ಏಳದೆ ಹೋದ ದಿನ ಲಿನಕ್ಸನ್ನು ತೆರೆದು ಆ ಪ್ರತಿಯನ್ನು ಪೆನ್ ಡ್ರೈವಿಗೆ ತೆಗೆದುಕೊಂಡು ಬೇರೊಂದು ಗಣಕದಲ್ಲಿ ಕೆಲಸ ಮುಂದುವರಿಸಬಹುದು. ಆದರೆ ಅದೇ ಡಿಸ್ಕಿನಲ್ಲಿರುವ ಪ್ರತಿಯು ಡಿಸ್ಕೇ ಕೆಟ್ಟರೆ ನಿಷ್ಪ್ರಯೋಜಕ. ಕಂಪನಿಗಳ ಮಟ್ಟಿಗೆ, 2022ರ ಆಗಸ್ಟಿನ ತಿದ್ದುಪಡಿಯ ಅನಂತರ, ಲೆಕ್ಕಪುಸ್ತಕಗಳ ಬ್ಯಾಕಪ್ಪನ್ನು ಭಾರತದಲ್ಲಿರುವ ಸರ್ವರಿನಲ್ಲಿ ದಿನಂಪ್ರತಿ ಇರಿಸಬೇಕೆಂಬ ನಿಯಮವಿದೆ. ವಿನಿಮಯ ವಿಭಾಗದ ಪ್ರತಿಯು ಆ ನಿಯಮದ ಪಾಲನೆ ಎನಿಸುವುದಿಲ್ಲ.

ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಸೌಲಭ್ಯವನ್ನು ತಪ್ಪದೆ ನಿಲ್ಲಿಸಬೇಕು. ಅದು ಚಾಲ್ತಿಯಲ್ಲಿದ್ದರೆ, ಶಟ್ ಡೌನ್ ಒತ್ತಿದರೂ ವಿಂಡೋಸ್ ಪೂರ್ತಿಯಾಗಿ ಮುಚ್ಚಿಕೊಳ್ಳದೆ ಅರೆನಿದ್ರೆಗೆ ಜಾರುತ್ತದೆ ಮತ್ತು ಡಿಸ್ಕಿನ ವಿಭಾಗಗಳ ಸ್ಥಿತಿಯನ್ನು ತನ್ನ ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ಈ ನಡುವೆ ಲಿನಕ್ಸಿನಿಂದ ವಿನಿಮಯ ವಿಭಾಗಕ್ಕೆ ಬರೆದ ಕಡತಗಳು ಅದರ ನೆನಪಿನಲ್ಲಿರುವುದಿಲ್ಲ. ವಿಂಡೋಸ್ ಮತ್ತೆ ಎದ್ದಾಗ ಅವು ಕಾಣೆಯಾಗಬಹುದು, ವಿಭಾಗವೇ ಹಾಳಾಗಲೂಬಹುದು. ಅನೇಕ ವೇಳೆ ಲಿನಕ್ಸ್ ಇದನ್ನು ಗುರುತಿಸಿ ಬರೆಯಲು ನಿರಾಕರಿಸುತ್ತದೆ. ಕಡತ ಉಳಿಸಲಾಗುತ್ತಿಲ್ಲವೆಂಬ ದೂರು ಬಂದರೆ ಮೊದಲು ನೋಡಬೇಕಾದ ಸ್ಥಳ ಇದೇ.

ಐದೂವರೆ ಗಂಟೆಯ ಅಂತರ

ಗಣಕತಜ್ಞರು ಸಣ್ಣ ಕಿರಿಕಿರಿ ಎಂದು ಕಡೆಗಣಿಸುವ, ಲೆಕ್ಕಿಗರ ಪಾಲಿಗೆ ಮಾತ್ರ ಗಂಭೀರವಾದ ವಿಷಯವೊಂದಿದೆ. ಮದರ್‌ಬೋರ್ಡಿನಲ್ಲಿ ಸಣ್ಣ ಕೋಶದ ಬಲದಿಂದ ಓಡುವ ಗಡಿಯಾರವೊಂದು ಇರುತ್ತದೆ. ವಿಂಡೋಸ್ ಅದರಲ್ಲಿರುವುದು ಸ್ಥಳೀಯ ಕಾಲವೆಂದು, ಅಂದರೆ ಭಾರತೀಯ ಕಾಲಮಾನವೆಂದು ಭಾವಿಸುತ್ತದೆ. ಲಿನಕ್ಸ್ ಸಾಮಾನ್ಯವಾಗಿ ಅದರಲ್ಲಿ ಜಾಗತಿಕ ಪ್ರಮಾಣಕಾಲವನ್ನು ಇಟ್ಟು, ಪರದೆಯ ಮೇಲೆ ಐದೂವರೆ ಗಂಟೆ ಕೂಡಿಸಿ ತೋರಿಸುತ್ತದೆ. ಒಂದೇ ಗಡಿಯಾರ, ಎರಡು ಅರ್ಥ. ಲಿನಕ್ಸಿನಲ್ಲಿ ಕೆಲಸ ಮಾಡಿ ವಿಂಡೋಸಿಗೆ ಬಂದಾಗ ಕಾಲವು 5 ಗಂಟೆ 30 ನಿಮಿಷ ಹಿಂದೆ ಬಿದ್ದಿರುತ್ತದೆ. ವಿಂಡೋಸಿನಿಂದ ಲಿನಕ್ಸಿಗೆ ಹೋದಾಗ ಅಷ್ಟೇ ಮುಂದೆ ಓಡಿರುತ್ತದೆ. ಅಂತರ್ಜಾಲವಿದ್ದರೆ ಅದು ಸರಿಹೋಗಬಹುದು, ಆದರೆ ತಕ್ಷಣವೇ ಸರಿಹೋಗುವುದೆಂಬ ಭರವಸೆಯಿಲ್ಲ. ಅಂತರ್ಜಾಲ ಕಡಿದಿಟ್ಟ ವಿಂಡೋಸಿನಲ್ಲಂತೂ ತಾನಾಗಿ ಸರಿಹೋಗುವುದೇ ಇಲ್ಲ.

ಉದಾಹರಣೆಗೆ, ಬೆಳಗಿನ ಜಾವ ಲಾರಿಗೆ ಸರಕು ತುಂಬಿ ಕಳುಹಿಸುವ ಒಂದು ಸಗಟು ಗೋದಾಮನ್ನು ಕಲ್ಪಿಸಿಕೊಳ್ಳಬಹುದು. ಏಪ್ರಿಲ್ 1ರ ಬೆಳಗಿನ 4 ಗಂಟೆಗೆ ಗುಮಾಸ್ತ ಬಿಲ್ಲು ಬರೆಯುತ್ತಾನೆ. ಗಣಕದ ಗಡಿಯಾರ ಮಾರ್ಚ್ 31ರ ರಾತ್ರಿ ಹತ್ತೂವರೆ ಎನ್ನುತ್ತದೆ. ಗಡಿಯಾರವನ್ನೇ ನಂಬುವ ಬಿಲ್ಲಿಂಗ್ ತಂತ್ರಾಂಶ ಆ ಮಾರಾಟವನ್ನು ಹಿಂದಿನ ಹಣಕಾಸು ವರ್ಷಕ್ಕೆ ಸೇರಿಸುತ್ತದೆ. ಬಿಲ್ಲಿನ ಕ್ರಮಸಂಖ್ಯೆ ಹಿಂದಿನ ವರ್ಷದ ಸರಣಿಗೆ ಬೀಳುತ್ತದೆ. ಮಾರಾಟ ಮಾರ್ಚಿನ ವಿವರಪಟ್ಟಿಗೆ ಹೋಗುತ್ತದೆ. ಮಾರ್ಚ್ 31ರ ರಾತ್ರಿ ಎಣಿಸಿಟ್ಟ ದಾಸ್ತಾನಿಗೂ ಪುಸ್ತಕದ ದಾಸ್ತಾನಿಗೂ ತಾಳೆಯಾಗುವುದಿಲ್ಲ. ಲೆಕ್ಕಪರಿಶೋಧಕರು ಆಗಸ್ಟಿನಲ್ಲಿ ಬಂದು ಕೇಳಿದಾಗ ಗುಮಾಸ್ತನಿಗೆ ಏನೂ ನೆನಪಿರುವುದಿಲ್ಲ. ಇನ್ನು ಲಿನಕ್ಸ್ ಬದಿಯಲ್ಲಿ ಬಿಲ್ಲು ಬರೆಯುವವರಿಗೆ ತದ್ವಿರುದ್ಧ ತೊಂದರೆ: ಸಂಜೆ ಆರೂವರೆ ಕಳೆದೊಡನೆ ಮರುದಿನದ ದಿನಾಂಕ ಬೀಳುತ್ತದೆ, ಮುಂದಿನ ದಿನಾಂಕದ ದಾಖಲೆಯನ್ನು ಇ-ಇನ್ವಾಯ್ಸ್ ಜಾಲತಾಣ ತಿರಸ್ಕರಿಸುತ್ತದೆ.

ಕಂಪನಿಗಳಿಗೆ ಇನ್ನೂ ಒಂದು ತೊಡಕಿದೆ. 2023ರ ಏಪ್ರಿಲ್ 1ರಿಂದ ಅವು ಬಳಸುವ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ವ್ಯವಹಾರದ ಬದಲಾವಣೆಯೂ ದಿನಾಂಕ ಸಮೇತ ದಾಖಲಾಗಬೇಕು. ಇದಕ್ಕೆ ಆಡಿಟ್ ಟ್ರೇಲ್ ಎಂದು ಹೆಸರು. ಈ ಜಾಡು ಗಣಕದ ಗಡಿಯಾರವನ್ನೇ ಅವಲಂಬಿಸಿದ್ದರೆ, ಮಧ್ಯಾಹ್ನ ಎರಡಕ್ಕೆ ಮಾಡಿದ ತಿದ್ದುಪಡಿ ಬೆಳಿಗ್ಗೆ ಎಂಟೂವರೆಯದೆಂದು ದಾಖಲಾಗುತ್ತದೆ. ಸದುದ್ದೇಶದ ಬದಲಾವಣೆಗೂ ಸಂಶಯದ ಛಾಯೆ ಬರಲು ಇಷ್ಟು ಸಾಕು.

ಪರಿಹಾರ ಮಾತ್ರ ಬಲು ಸರಳ. ಗಡಿಯಾರದಲ್ಲಿರುವುದು ಸ್ಥಳೀಯ ಕಾಲವೆಂದು ಲಿನಕ್ಸಿಗೆ ತಿಳಿಸಲು ಟೈಮ್‌ಡೇಟ್‌ಸಿಟಿಎಲ್ ಎಂಬ ಒಂದು ಸಾಲಿನ ಆದೇಶವಿದೆ. ಲಿನಕ್ಸ್ ಬಲ್ಲ ಯಾರಾದರೂ ಅರ್ಧ ನಿಮಿಷದಲ್ಲಿ ಅದನ್ನು ನೀಡಬಲ್ಲರು. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವ ದೇಶಗಳಲ್ಲಿ ಈ ಪರಿಹಾರ ಬೇರೆ ಗೊಂದಲಗಳನ್ನು ತರುವುದರಿಂದ ಅಲ್ಲಿನ ತಜ್ಞರು ಇದನ್ನು ಒಪ್ಪುವುದಿಲ್ಲ. ಭಾರತದಲ್ಲಿ ಆ ಪದ್ಧತಿ ಇಲ್ಲದ್ದರಿಂದ ಆ ಆಕ್ಷೇಪಣೆ ಇಲ್ಲಿಗೆ ಅನ್ವಯಿಸದು. ಕೆಲವು ಲಿನಕ್ಸ್ ಆವೃತ್ತಿಗಳು ವಿಂಡೋಸ್ ಇರುವುದನ್ನು ಕಂಡು ತಾವಾಗಿಯೇ ಹೊಂದಿಕೊಳ್ಳುವುದೂ ಉಂಟು. ಆದರೂ ಅಳವಡಿಸಿದ ದಿನವೇ ಎರಡೂ ಕಡೆ ಒಂದೆರಡು ಬಾರಿ ಹೋಗಿ ಬಂದು, ಕೈಗಡಿಯಾರದೊಡನೆ ತಾಳೆ ನೋಡುವುದು ಅವಶ್ಯ.

ಆಂತರಿಕ ನಿಯಂತ್ರಣ

ವಿಂಡೋಸಿಗೆ ಪಾಸ್‌ವರ್ಡ್ ಇದೆ, ಆದ್ದರಿಂದ ಲೆಕ್ಕ ಸುರಕ್ಷಿತ ಎಂಬ ನಂಬಿಕೆ ಡ್ಯುಯಲ್ ಬೂಟಿನಲ್ಲಿ ಸಲ್ಲುವುದಿಲ್ಲ. ಆ ಪಾಸ್‌ವರ್ಡ್ ಕಾಯುವುದು ವಿಂಡೋಸ್ ಎಚ್ಚರವಾಗಿರುವಾಗ ಮಾತ್ರ. ಲಿನಕ್ಸ್ ಎದ್ದಾಗ ವಿಂಡೋಸ್ ವಿಭಾಗವು ಅದಕ್ಕೆ ಕೇವಲ ಒಂದು ಫೋಲ್ಡರ್. ಗೂಢಲಿಪೀಕರಣ ಇಲ್ಲದಿದ್ದರೆ ಅದರಲ್ಲಿರುವ ಸಂಬಳದ ಪಟ್ಟಿ, ಗ್ರಾಹಕರ ಖಾತೆ, ಮಾಲೀಕರ ಸ್ವಂತ ಕಡತ ಎಲ್ಲವನ್ನೂ ನಕಲಿಸಬಹುದು, ಅಳಿಸಲೂಬಹುದು. ಇನ್ನೂ ಸೂಕ್ಷ್ಮವಾದದ್ದೆಂದರೆ, ಲೆಕ್ಕದ ದತ್ತಾಂಶದ ಫೋಲ್ಡರನ್ನೇ ತೆಗೆದು ಅದರ ಜಾಗದಲ್ಲಿ ಹಿಂದಿನ ವಾರದ ಪ್ರತಿಯನ್ನು ಇರಿಸಬಹುದು. ಲೆಕ್ಕದ ತಂತ್ರಾಂಶ ಆಗ ಓಡುತ್ತಿರುವುದೇ ಇಲ್ಲವಾದ್ದರಿಂದ ಅದರ ಆಡಿಟ್ ಟ್ರೇಲಿನಲ್ಲಿ ಇದರ ಸುಳಿವು ಇರುವುದಿಲ್ಲ. ನಡುವಿನ ಏಳು ದಿನಗಳ ನಮೂದು, ಅವುಗಳ ಜಾಡಿನೊಡನೆ, ಇಲ್ಲವಾಗುತ್ತದೆ. ನಿಯಮ 11(ಜಿ) ಅನ್ವಯ ಆಡಿಟ್ ಟ್ರೇಲಿನ ಬಗ್ಗೆ ವರದಿ ಮಾಡಬೇಕಾದ ಪರಿಶೋಧಕರು, ಲೆಕ್ಕದ ಗಣಕದಲ್ಲಿ ಎರಡನೆಯ ವ್ಯವಸ್ಥೆ ಇದೆಯೇ ಎಂದು ಕೇಳಿದರೆ ಅದು ಅಧಿಕಪ್ರಸಂಗವಲ್ಲ.

ಹೀಗಾಗಿ ಬಿಟ್‌ಲಾಕರನ್ನು ಅಳವಡಿಕೆಯ ವೇಳೆ ತಾತ್ಕಾಲಿಕವಾಗಿ ತಡೆಹಿಡಿದಿದ್ದರೆ, ಕೆಲಸ ಮುಗಿದ ಮೇಲೆ ಮತ್ತೆ ಚಾಲ್ತಿಗೊಳಿಸಬೇಕು. ಹೋಮ್ ಆವೃತ್ತಿಯ ಹಳೆಯ ಗಣಕಗಳಲ್ಲಿ ಆ ಸೌಲಭ್ಯ ಇಲ್ಲದಿರಬಹುದು. ಆಗ ಲಿನಕ್ಸಿನಲ್ಲಿ ನಿರ್ವಾಹಕ ಅಧಿಕಾರವನ್ನು ಮಾಲೀಕರು ತಮ್ಮಲ್ಲಿಯೇ ಇಟ್ಟುಕೊಂಡು, ಸಿಬ್ಬಂದಿಗೆ ಸಾಮಾನ್ಯ ಬಳಕೆದಾರರ ಖಾತೆಯನ್ನು ಮಾತ್ರ ಕೊಡಬೇಕು. ಪೆನ್ ಡ್ರೈವಿನಿಂದ ಗಣಕ ಎಬ್ಬಿಸದಂತೆ ಯುಇಎಫ್‌ಐಗೂ ಒಂದು ಪಾಸ್‌ವರ್ಡ್ ಇಡುವುದು ಕ್ಷೇಮ. ಪಾಲುದಾರಿಕೆ ಮತ್ತು ಏಕಮಾಲೀಕತ್ವದ ಸಂಸ್ಥೆಗಳಿಗೆ ಆಡಿಟ್ ಟ್ರೇಲಿನ ನಿಯಮ ಅನ್ವಯಿಸದಿದ್ದರೂ, ಸಿಬ್ಬಂದಿಯ ಕೈಗೆ ಲೆಕ್ಕ ಒಪ್ಪಿಸಿರುವ ಮಾಲೀಕರಿಗೆ ಈ ಎಚ್ಚರ ಅಷ್ಟೇ ಅಗತ್ಯ.

ಇತರ ವಿಚಾರಗಳು

ಎರಡು ವ್ಯವಸ್ಥೆಗಳ ಸಹಬಾಳ್ವೆ ಸದಾ ಸುಗಮವೆಂದು ಹೇಳಲಾಗದು. 2024ರ ಆಗಸ್ಟ್ 13ರ ವಿಂಡೋಸ್ ಭದ್ರತಾ ಪರಿಷ್ಕರಣೆಯು ಹಳೆಯ ಲಿನಕ್ಸ್ ಪ್ರಾರಂಭಕಗಳನ್ನು ಅಸುರಕ್ಷಿತವೆಂದು ತಡೆಹಿಡಿಯಿತು. ಸೆಕ್ಯೂರ್ ಬೂಟ್ ಚಾಲ್ತಿಯಲ್ಲಿದ್ದ ಅನೇಕ ಡ್ಯುಯಲ್ ಬೂಟ್ ಗಣಕಗಳಲ್ಲಿ ಮರುದಿನ ಲಿನಕ್ಸ್ ಏಳಲೇ ಇಲ್ಲ. ಮೈಕ್ರೋಸಾಫ್ಟ್ ಇದನ್ನು ಪೂರ್ಣವಾಗಿ ಸರಿಪಡಿಸಿದ್ದು 2025ರ ಮೇ ತಿಂಗಳಲ್ಲಿ. ವಿಂಡೋಸಿಗೆ ಧಕ್ಕೆಯಾಗಲಿಲ್ಲವೆಂಬುದು ಸಮಾಧಾನ. ಪಾಠವಿಷ್ಟೆ: ಗಡುವಿನ ಹಿಂದಿನ ದಿನ ಯಾವ ಪರಿಷ್ಕರಣೆಯನ್ನೂ ಮಾಡಕೂಡದು, ಮತ್ತು ಲಿನಕ್ಸನ್ನು ಎಬ್ಬಿಸಬಲ್ಲ ಒಂದು ಪೆನ್ ಡ್ರೈವ್ ಮೇಜಿನ ಖಾನೆಯಲ್ಲಿ ಸಿದ್ಧವಿರಬೇಕು.

ಅದೇ ಪೆನ್ ಡ್ರೈವಿನಿಂದ, ಏನನ್ನೂ ಅಳವಡಿಸದೆ, ಲಿನಕ್ಸನ್ನು ಒಂದು ದಿನ ಓಡಿಸಿ ನೋಡುವ ಅನುಕೂಲವೂ ಇದೆ. ಮುದ್ರಣಯಂತ್ರ, ಸ್ಕ್ಯಾನರ್, ಡಿಜಿಟಲ್ ಸಹಿಯ ಟೋಕನ್ ಇವು ಅಲ್ಲಿ ನಡೆಯುತ್ತವೆಯೇ ಎಂದು ಮೊದಲೇ ಪರೀಕ್ಷಿಸಬೇಕು. ಟೋಕನ್ನಿನ ಚಾಲಕ ತಂತ್ರಾಂಶ ಲಿನಕ್ಸಿಗೆ ಎಲ್ಲ ತಯಾರಕರಿಂದಲೂ ಸಮನಾಗಿ ದೊರೆಯುವುದಿಲ್ಲ. ಸಹಿಯ ಕೆಲಸ ಲಿನಕ್ಸಿನಲ್ಲಿ ಆಗದಿದ್ದರೆ ಅದಕ್ಕಾಗಿ ಬೇರೊಂದು ಸುರಕ್ಷಿತ ವಿಂಡೋಸ್ ಗಣಕ ಬೇಕಾಗುತ್ತದೆ.

ಕನ್ನಡದಲ್ಲಿ ಪತ್ರವ್ಯವಹಾರ ನಡೆಸುವವರು ಗಮನಿಸಬೇಕಾದ ಅಂಶವೊಂದುಂಟು. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸಿದ ಪತ್ರಗಳು ಯುನಿಕೋಡ್ ಅಲ್ಲ. ಆ ಅಕ್ಷರಶೈಲಿ ಇಲ್ಲದ ವ್ಯವಸ್ಥೆಯಲ್ಲಿ ತೆರೆದರೆ ರೋಮನ್ ಅಕ್ಷರಗಳ ಕಲಸುಮೇಲೋಗರ ಕಾಣಿಸುತ್ತದೆ. ಪತ್ರ ಹಾಳಾಗಿದೆಯೆಂದು ಗಾಬರಿಗೊಂಡು ಅಳಿಸಬಾರದು. ಅಂಥವನ್ನು ವಿಂಡೋಸ್ ಬದಿಯಲ್ಲಿಯೇ ಪರಿವರ್ತಕದ ಮೂಲಕ ಯುನಿಕೋಡಿಗೆ ಬದಲಿಸಿಕೊಂಡರೆ ಲಿನಕ್ಸಿನ ಲಿಬ್ರೆಆಫೀಸಿನಲ್ಲಿ ಅವು ಸರಿಯಾಗಿ ತೆರೆದುಕೊಳ್ಳುತ್ತವೆ.

ಕೊನೆಯದಾಗಿ, ಲಿನಕ್ಸ್ ಬೇಡವೆನಿಸಿದವರು ಅದರ ವಿಭಾಗವನ್ನು ಅಳಿಸಿಬಿಟ್ಟರೆ ಸಾಕೆಂದು ತಿಳಿಯಬಾರದು. ವಿಭಾಗ ಹೋದರೂ ಗಣಕವು ಎಚ್ಚರಗೊಂಡೊಡನೆ ಗ್ರಬ್ ಪ್ರಾರಂಭಕವನ್ನೇ ಹುಡುಕುತ್ತದೆ. ಗ್ರಬ್ ತನ್ನ ಉಳಿದ ಕಡತಗಳನ್ನು ಕಾಣದೆ ಕಪ್ಪು ಪರದೆಯ ಮೇಲೆ ನಿಂತುಬಿಡುತ್ತದೆ. ಮೊದಲು ಯುಇಎಫ್‌ಐ ಪಟ್ಟಿಗೆ ಹೋಗಿ ವಿಂಡೋಸಿನ ಪ್ರಾರಂಭಕವನ್ನು ಮೇಲಕ್ಕೆ ತಂದು, ಅದು ಸರಿಯಾಗಿ ಏಳುವುದನ್ನು ಎರಡು ಬಾರಿ ನೋಡಿ, ಅನಂತರವೇ ಲಿನಕ್ಸ್ ವಿಭಾಗವನ್ನು ತೆಗೆಯಬೇಕು. ಹಳೆಯ ಬಯೋಸ್ ಗಣಕವಾದರೆ ವಿಂಡೋಸಿನ ಸ್ಥಾಪನಾ ಡಿಸ್ಕಿನಿಂದ ಆ ಮೊದಲ 512 ಬೈಟುಗಳ ದಾಖಲೆಯನ್ನು ಪುನಃ ಬರೆಸಬೇಕಾಗುತ್ತದೆ. ಈ ಕೆಲಸಕ್ಕೂ ಮುನ್ನ ಬ್ಯಾಕಪ್ ತೆಗೆಯಬೇಕು, ಮತ್ತು ಇದನ್ನೂ ತಿಂಗಳ 22ರ ಅನಂತರವೇ ಮಾಡಬೇಕು.